ನರರೋಗವಿರುವ ಮಕ್ಕಳ ವಿಟಮಿನ್ ಪರೀಕ್ಷೆ: ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ನಂಬಬಾರದು

ಫಿಟ್ಸ್, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಕ್ಕಳಿಗೆ, ಕಲಿತದ್ದನ್ನೆಲ್ಲ ಮರೆಯುತ್ತಾ ಬಂದ ಮಕ್ಕಳಿಗೆ ವಿಟಮಿನ್ ಪರೀಕ್ಷೆ ಬರೆಯುವುದು ಮೂರು ಬೇರೆ ಬೇರೆ ಅನುಮಾನಗಳಿಂದ. ವಿಟಮಿನ್ ಕೊರತೆಯೇ ಮೆದುಳಿನ ತೊಂದರೆಗೆ ಕಾರಣವಾಗಿರಬಹುದು. ಕಾಯಿಲೆಯಿಂದಲೋ ಅದರ ಔಷಧಿಯಿಂದಲೋ ವಿಟಮಿನ್ ಕುಸಿದಿರಬಹುದು. ಇಲ್ಲವೇ ರಕ್ತದಲ್ಲಿ ವಿಟಮಿನ್ ಧಾರಾಳವಾಗಿದ್ದರೂ ಅದು ಮೆದುಳಿಗೆ ತಲುಪದ, ತಲುಪಿದರೂ ಬಳಕೆಯಾಗದ ಹುಟ್ಟುದೋಷ ಇರಬಹುದು. ಈ ಮೂರಕ್ಕೂ ಬೇಕಾದ ಪರೀಕ್ಷೆಗಳು ಒಂದೇ ಅಲ್ಲ. ಲ್ಯಾಬ್‌ಗಳು ಮಾರುವ ‘ಫುಲ್ ವಿಟಮಿನ್ ಪ್ರೊಫೈಲ್’ ಪ್ಯಾಕೇಜು ಉತ್ತರ ಕೊಡುವುದು ಹೆಚ್ಚಾಗಿ ಎರಡನೆಯದಕ್ಕೆ ಮಾತ್ರ, ಅದೂ ಅರ್ಧಂಬರ್ಧ. ಅಷ್ಟಕ್ಕಾಗಿ ಪುಟ್ಟ ಮಗುವಿನ ಕೈಯಿಂದ ಹತ್ತು ಮಿಲಿಲೀಟರ್ ರಕ್ತ ಎಳೆಯುವುದು ಸರಿಯಲ್ಲ. ಆರು ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 480 ಮಿಲಿಲೀಟರ್. ಆದ್ದರಿಂದ ಏನನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಯಾವ ಟ್ಯೂಬು, ಎಷ್ಟು ರಕ್ತ ಎಂಬುದು ಆಮೇಲಿನ ಮಾತು.

ಬಿ12: ಸೂಜಿಮದ್ದಿಗೆ ಮೊದಲು ಸ್ಯಾಂಪಲ್

ನಮ್ಮ ಕಡೆ ಮಕ್ಕಳ ನರರೋಗಕ್ಕೂ ವಿಟಮಿನ್ನಿಗೂ ಇರುವ ಅತಿ ಗಟ್ಟಿ ನಂಟು ಬಿ12ನದು. ತಾಯಿ ಸಸ್ಯಾಹಾರಿ, ಹಾಲು-ಮೊಸರೂ ಕಡಿಮೆ; ಮಗುವಿಗೆ ಎಂಟು ಹತ್ತು ತಿಂಗಳಾದರೂ ಎದೆಹಾಲೇ ಮುಖ್ಯ ಆಹಾರ. ನಗುತ್ತಿದ್ದ ಕೂಸು ಮಂಕಾಗುತ್ತದೆ, ಕೂರುತ್ತಿದ್ದದ್ದು ಕೂರುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ, ಬೆರಳ ಗೆಣ್ಣುಗಳ ಚರ್ಮ ಕಪ್ಪಾಗುತ್ತದೆ, ಕೂದಲು ತೆಳುವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೈಕಾಲು, ತಲೆ, ನಾಲಿಗೆ ನಡುಗತೊಡಗುತ್ತವೆ. ಭಾರತದ ಮಕ್ಕಳ ವೈದ್ಯರು ಇದನ್ನು ‘ಇನ್‌ಫಂಟೈಲ್ ಟ್ರೆಮರ್ ಸಿಂಡ್ರೋಮ್’ ಎಂದು ದಶಕಗಳಿಂದ ಗುರುತಿಸುತ್ತಾ ಬಂದಿದ್ದಾರೆ. ಬೇಗ ಹಿಡಿದರೆ ಮಗು ಚೇತರಿಸಿಕೊಳ್ಳುತ್ತದೆ. ತಡವಾದಷ್ಟೂ ಬುದ್ಧಿ ಬೆಳವಣಿಗೆಯಲ್ಲಿ ನಷ್ಟ ಉಳಿದುಬಿಡುತ್ತದೆ.

ಇಲ್ಲಿ ಪದೇಪದೇ ಆಗುವ ಎಡವಟ್ಟೆಂದರೆ ಮಗು ಬಿಳಿಚಿಕೊಂಡಿದೆ ಎಂದು ಮೊದಲು ಬಿ12 ಇಂಜೆಕ್ಷನ್ ಕೊಟ್ಟು, ವಾರದ ಮೇಲೆ ರಕ್ತ ಕಳಿಸುವುದು. ಒಂದು ಇಂಜೆಕ್ಷನ್ ಆದ ಮೇಲೆ ರಕ್ತದ ಬಿ12 ಅಂಕಿ ವಾರಗಟ್ಟಲೆ ಮೇಲೆಯೇ ಇರುತ್ತದೆ. ಕೊರತೆ ಇತ್ತೇ ಇಲ್ಲವೇ ಎಂದು ಆಮೇಲೆ ಆ ಅಂಕಿಯಿಂದ ಹೇಳಲಾಗದು. ಅದರ ಜೊತೆ ನೋಡುವ, ಬಿ12 ಸಾಲದಾದಾಗ ಮೈಯಲ್ಲಿ ಶೇಖರವಾಗುವ ಹೋಮೋಸಿಸ್ಟೀನ್, ಮೀಥೈಲ್‌ಮೆಲೋನಿಕ್ ಆಸಿಡ್ ಕೂಡ ದಿನಗಳಲ್ಲೇ ಇಳಿಯತೊಡಗುತ್ತವೆ. ಸರಿಯಾದ ಕ್ರಮ: ಮೊದಲು ರಕ್ತ, ಅದೇ ಹೊತ್ತಿಗೆ ಮೂತ್ರ, ಸಾಧ್ಯವಾದರೆ ತಾಯಿಯ ರಕ್ತವೂ. ಸ್ಯಾಂಪಲ್ ತೆಗೆದ ಕೂಡಲೇ ಔಷಧಿ. ರಿಪೋರ್ಟ್ ಬರಲಿ ಎಂದು ಚಿಕಿತ್ಸೆ ತಡೆಹಿಡಿಯುವುದೂ ತಪ್ಪೇ.

ಅಂಕಿಯನ್ನು ಓದುವಾಗ ತಿಳಿದಿರಬೇಕಾದ ವಿಷಯವೊಂದಿದೆ. ಮಾಮೂಲಿ ಬಿ12 ಪರೀಕ್ಷೆ ರಕ್ತದಲ್ಲಿರುವ ಒಟ್ಟು ಬಿ12ಅನ್ನು ಅಳೆಯುತ್ತದೆ. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹ್ಯಾಪ್ಟೋಕಾರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ; ಮೆದುಳಿನ ಜೀವಕೋಶಗಳಿಗೆ ಅದು ಸಿಗದು. ಟ್ರಾನ್ಸ್‌ಕೊಬಾಲಮಿನ್ ಹೊತ್ತು ತರುವ ಉಳಿದ ಒಂದು ಪಾಲು ಮಾತ್ರ ಕೋಶದೊಳಗೆ ಹೋಗುತ್ತದೆ. ಹೀಗಾಗಿ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಎಂದು ನಿರ್ಧರಿಸಬಹುದು. 200ರಿಂದ 300ರ ನಡುವೆ ಬಂದರೆ ಆ ಅಂಕಿಯೊಂದರಿಂದ ಏನನ್ನೂ ಹೇಳುವಂತಿಲ್ಲ, ಹೋಮೋಸಿಸ್ಟೀನ್ ಮತ್ತು ಮೀಥೈಲ್‌ಮೆಲೋನಿಕ್ ಆಸಿಡ್ ನೋಡಲೇಬೇಕು. ಇನ್ನು ಬಿ12 ಕೋಶದೊಳಗೆ ಹೋದರೂ ಬಳಕೆಯಾಗದ ಕೊಬಾಲಮಿನ್ ಸಿ ದೋಷದಂಥ ಹುಟ್ಟುಕಾಯಿಲೆಯಲ್ಲಿ ಬಿ12 ಅಂಕಿ ಪೂರ್ತಿ ನಾರ್ಮಲ್ ಇರುತ್ತದೆ, ಆ ಎರಡು ಮಾತ್ರ ಏರಿರುತ್ತವೆ. ಹಿಮೋಗ್ಲೋಬಿನ್ ಚೆನ್ನಾಗಿದೆ, ಹಾಗಾಗಿ ಬಿ12 ಕೊರತೆ ಇಲ್ಲ ಎನ್ನುವ ವಾದವೂ ನಿಲ್ಲದು. ರಕ್ತಹೀನತೆ ಕಾಣದೆಯೇ ನರಗಳು ಹಾಳಾಗುವುದುಂಟು.

ಹೋಮೋಸಿಸ್ಟೀನ್ ಪರೀಕ್ಷೆಗೆ ಬೇಕಾದ ಎಚ್ಚರವೇ ಬೇರೆ. ರಕ್ತ ಟ್ಯೂಬಿಗೆ ಬಿದ್ದ ಮೇಲೂ ಕೆಂಪು ರಕ್ತಕಣಗಳು ಅದನ್ನು ಹೊರಹಾಕುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿಟ್ಟರೆ ಗಂಟೆಗೆ ಸುಮಾರು ಶೇ. 10ರಷ್ಟು ಏರುತ್ತದೆ. ಟ್ಯೂಬನ್ನು ಕೂಡಲೇ ಐಸಿನಲ್ಲಿಟ್ಟು ಒಂದು ಗಂಟೆಯೊಳಗೆ ಪ್ಲಾಸ್ಮಾ, ಅಂದರೆ ಕಣಗಳಿಲ್ಲದ ತಿಳಿ ದ್ರವ, ಬೇರ್ಪಡಿಸಬೇಕು. ತಾಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ, ಬೇರ್ಪಡಿಸದೆ, ಸಂಜೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರೆ ರಿಪೋರ್ಟಿನಲ್ಲಿ ‘ಹೈ’ ಎಂದು ಬರುವುದು ಮಗುವಿನ ರೋಗದಿಂದಲೇ ಎನ್ನಲಾಗದು. ಸೆಂಟರಿನಲ್ಲಿ ಸೆಂಟ್ರಿಫ್ಯೂಜ್ (ಟ್ಯೂಬನ್ನು ಗಿರಗಿರನೆ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವ ಯಂತ್ರ) ಇದೆಯೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಮಗುವನ್ನೇ ಅದು ಇರುವ ಕಡೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಎಂಆರ್‌ಐಗೆ ಅಥವಾ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮುಂಚೆಯೂ ಬಿ12 ಸಂಶಯವಿದ್ದರೆ ಹೇಳಬೇಕು. ನೈಟ್ರಸ್ ಆಕ್ಸೈಡ್ ಅನಿಲ ಬಿ12ರೊಳಗಿನ ಕೋಬಾಲ್ಟನ್ನು ಕೆಡಿಸಿ ನಿಷ್ಕ್ರಿಯಗೊಳಿಸುತ್ತದೆ. ಅಂಚಿನಲ್ಲಿದ್ದ ಮಗು ಇದರಿಂದ ಒಮ್ಮೆಲೇ ಹದಗೆಡಬಹುದು.

ಡಿ: ಫಿಟ್ಸ್ ಔಷಧಿ ನುಂಗುವ ಮಗುವಿನ ಮೂಳೆ

ಫೆನಿಟಾಯಿನ್, ಫೀನೊಬಾರ್ಬಿಟೋನ್, ಕಾರ್ಬಮಜೆಪೀನ್: ಈ ಮೂರೂ ಯಕೃತ್ತಿನ ಎಂಜೈಮುಗಳನ್ನು ಚುರುಕುಗೊಳಿಸುತ್ತವೆ, ಆ ಎಂಜೈಮುಗಳು ವಿಟಮಿನ್ ಡಿಯನ್ನು ಬೇಗ ಒಡೆದುಹಾಕುತ್ತವೆ. ನಡೆಯಲಾಗದೆ ಮನೆಯೊಳಗೇ ಇರುವ, ಟ್ಯೂಬಿನಲ್ಲಿ ಆಹಾರ ತೆಗೆದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಮಗುವಿಗೆ ಈ ಔಷಧಿಯೂ ಸೇರಿದರೆ ಮೂಳೆ ಎಷ್ಟು ಮೆತ್ತಗಾಗುತ್ತದೆಂದರೆ ಬಟ್ಟೆ ಬದಲಿಸುವಾಗ ತೊಡೆಮೂಳೆ ಮುರಿದದ್ದೂ ಉಂಟು. ಮಾತು ಬಾರದ ಮಗು ನೋವನ್ನು ಅಳುವಿನಲ್ಲಿ ಮಾತ್ರ ಹೇಳಬಲ್ಲದು. ಆದ್ದರಿಂದ ಇಂಥ ಮಕ್ಕಳಿಗೆ ಲಕ್ಷಣಕ್ಕಾಗಿ ಕಾಯದೆ ವರ್ಷಕ್ಕೊಮ್ಮೆಯಾದರೂ ಡಿ, ಕ್ಯಾಲ್ಸಿಯಂ, ರಂಜಕ ನೋಡಬೇಕು.

ಬರೆಯಬೇಕಾದ ಪರೀಕ್ಷೆಯ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. ಅದರ ಪಕ್ಕದಲ್ಲೇ 1,25-ಡೈಹೈಡ್ರಾಕ್ಸಿ ಎಂಬ ಇನ್ನೊಂದು ಇರುತ್ತದೆ, ಹೆಚ್ಚು ದುಬಾರಿ, ‘ಆ್ಯಕ್ಟಿವ್’ ಎಂಬ ಹೆಸರೂ ಇದೆ. ಅದನ್ನು ಕೊರತೆ ಹುಡುಕಲು ಬಳಸಬಾರದು. ಮೊದಲನೆಯದು ರಕ್ತದಲ್ಲಿ ಎರಡು ಮೂರು ವಾರಗಳ ಅರ್ಧಾಯುಷ್ಯದೊಂದಿಗೆ ನಿಲ್ಲುತ್ತದೆ, ಮೈಯ ಸಂಗ್ರಹವನ್ನು ತೋರಿಸುತ್ತದೆ. ಎರಡನೆಯದು ಕೆಲವೇ ಗಂಟೆ ಬದುಕುತ್ತದೆ, ಮೇಲಾಗಿ ಕೊರತೆ ಇದ್ದಾಗ ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಅದನ್ನು ಎತ್ತಿ ಹಿಡಿಯುತ್ತದೆ. ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್ ಬಂದ ಮಗುವಿನಲ್ಲೂ ಅದು ನಾರ್ಮಲ್ ಅಥವಾ ಜಾಸ್ತಿ ಇರಬಹುದು.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಪ್ರಕಾರ ಪ್ರತಿ ಮಿಲಿಲೀಟರಿಗೆ 12 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 12ರಿಂದ 20 ಸಾಲದು, 20ಕ್ಕಿಂತ ಮೇಲಿದ್ದರೆ ಸಾಕು. ಎಷ್ಟೋ ಲ್ಯಾಬ್ ರಿಪೋರ್ಟುಗಳು 30ರ ಕೆಳಗಿನದಕ್ಕೆಲ್ಲ ಕೆಂಪು ಗುರುತು ಹಾಕುತ್ತವೆ, ಅದನ್ನು ನೋಡಿ ಗಾಬರಿ ಬೀಳಬೇಡಿ. ಲಂಡನ್ನಿನಿಂದಲೋ ಮೆಲ್ಬೋರ್ನಿನಿಂದಲೋ ಮಗುವಿನ ಹಳೆಯ ರಿಪೋರ್ಟ್ ತಂದವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿ ಲೆಕ್ಕ ಲೀಟರಿಗೆ ನ್ಯಾನೋಮೋಲ್‌ನಲ್ಲಿ. 2.5ರಿಂದ ಭಾಗಿಸಿದರೆ ನಮ್ಮ ಅಂಕಿ ಸಿಗುತ್ತದೆ. ಅಲ್ಲಿಯ 45 ಅಂದರೆ ಇಲ್ಲಿಯ 18. ಬಿ12ಕ್ಕೂ ಹಾಗೆಯೇ, ಅಲ್ಲಿಯ 148 ಪಿಕೋಮೋಲ್ ನಮ್ಮ 200 ಪಿಕೋಗ್ರಾಂಗೆ ಸಮ.

ಡಿ ಒಂದನ್ನೇ ಅಳೆದು ಬಿಡುವುದು ಅರೆಬರೆ ಕೆಲಸ. ಜೊತೆಗೆ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್ (ಮೂಳೆಯಿಂದಲೂ ಬರುವ ಒಂದು ಎಂಜೈಮ್), ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಸಂಶಯ ಬಲವಾಗಿದ್ದರೆ ಮಣಿಕಟ್ಟಿನ ಎಕ್ಸ್‌ರೇ ಬೇಕು. ಬೆಳೆಯುವ ಮಗುವಿನ ಆಲ್ಕಲೈನ್ ಫಾಸ್ಫಟೇಸ್ ದೊಡ್ಡವರಿಗಿಂತ ಸಹಜವಾಗಿಯೇ ಹೆಚ್ಚು. ರಿಪೋರ್ಟಿನ ಬದಿಯಲ್ಲಿ ದೊಡ್ಡವರ ಮಿತಿ ಅಚ್ಚಾಗಿದ್ದರೆ ಆರೋಗ್ಯವಂತ ಮಗುವೂ ‘ಹೈ’ ಆಗುತ್ತದೆ.

ಟ್ಯೂಬು ತುಂಬುವ ಕ್ರಮ ಇಲ್ಲಿ ಎಷ್ಟು ಮುಖ್ಯ ಎಂಬುದನ್ನು ಹತ್ತಿರದಿಂದ ನೋಡಿ. ನೇರಳೆ ಮುಚ್ಚಳದ ಟ್ಯೂಬಿನೊಳಗೆ ಪೊಟ್ಯಾಸಿಯಂ ಇಡಿಟಿಎ ಇರುತ್ತದೆ; ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಗಟ್ಟಿಯಾದ, ಸೆಟೆದ ಕೈಯಿಂದ ರಕ್ತ ಸರಿಯಾಗಿ ಬಾರದಿದ್ದಾಗ ನೇರಳೆ ಟ್ಯೂಬು ಮೊದಲು ತುಂಬಿಸಿ, ಹೆಚ್ಚಾದ ಎರಡು ಹನಿಯನ್ನು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ತೆಗೆಯುವ ಕೆಂಪು ಅಥವಾ ಹಳದಿ ಟ್ಯೂಬಿಗೆ ಸುರಿಯುವುದುಂಟು. ಆ ಹನಿಗಳ ಜೊತೆ ಇಡಿಟಿಎ ಹೋಗಿ ಕ್ಯಾಲ್ಸಿಯಂ ಸುಳ್ಳಾಗಿ ಕುಸಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಇಳಿಯುತ್ತದೆ. ಫಿಟ್ಸ್ ಇರುವ ಮಗುವಿನಲ್ಲಿ ಕ್ಯಾಲ್ಸಿಯಂ ಕಡಿಮೆ ಎಂದು ಕಂಡರೆ ಯಾರೂ ಸುಮ್ಮನಿರುವುದಿಲ್ಲ, ರಕ್ತನಾಳದೊಳಗೆ ಕ್ಯಾಲ್ಸಿಯಂ ಹಾಕಿಬಿಡುತ್ತಾರೆ. ಕಡಿಮೆ ಕ್ಯಾಲ್ಸಿಯಂ ಮತ್ತು ಹೆಚ್ಚು ಪೊಟ್ಯಾಸಿಯಂ ಒಟ್ಟಿಗೇ ಬಂದು, ಮಗು ನೋಡಲು ಚೆನ್ನಾಗಿದ್ದರೆ, ಮೊದಲು ಸ್ಯಾಂಪಲ್ ಮೇಲೆ ಅನುಮಾನ ಪಡಬೇಕು. ಸೀರಂ ಟ್ಯೂಬು ಮೊದಲು, ನೇರಳೆ ಆಮೇಲೆ. ಒಂದರದ್ದನ್ನು ಇನ್ನೊಂದಕ್ಕೆ ಸುರಿಯಲೇಬಾರದು.

ಡಿ ಅಳೆಯುವ ಯಂತ್ರಗಳೆಲ್ಲ ಒಂದೇ ಅಲ್ಲ. ಸಸ್ಯಾಹಾರದ ನಿಷ್ಠೆಯಿಂದ ಕೆಲವರು ಡಿ3 ಬಿಟ್ಟು ಡಿ2 ಕೊಡಿಸುತ್ತಾರೆ, ಯಾಕೆಂದರೆ ಸಾಮಾನ್ಯ ಡಿ3 ಬರುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಪ್ರತಿಕಾಯ ಬಳಸಿ ಅಳೆಯುವ ಕೆಲವು ಇಮ್ಯುನೊಅಸೇ ಕಿಟ್‌ಗಳು ಡಿ2ರಿಂದಾದ ಭಾಗವನ್ನು ಪೂರ್ತಿ ಹಿಡಿಯುವುದಿಲ್ಲ. ಮೂರು ತಿಂಗಳು ಔಷಧಿ ಹಾಕಿದರೂ ಅಂಕಿ ಏರುವುದಿಲ್ಲ, ಡೋಸ್ ಹೆಚ್ಚಿಸುತ್ತಾರೆ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಸಮಸ್ಯೆ ತಿರುವುಮುರುವು: ಅವರ ರಕ್ತದಲ್ಲಿ ಎಪಿಮರ್ ಎಂಬ ಜೋಡಿ ಅಣು ಹೆಚ್ಚಿರುತ್ತದೆ, ಅಣುಗಳನ್ನು ತೂಕದ ಮೇಲೆ ಗುರುತಿಸುವ, ಆದರೆ ಅದನ್ನು ಬೇರ್ಪಡಿಸದ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡಕ್ಕೂ ಇರುವ ಉಪಾಯ ಎಂದರೆ ಮರುಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸುವುದು, ಮತ್ತು ಮಗು ಯಾವ ಡಿ ತೆಗೆದುಕೊಳ್ಳುತ್ತಿದೆ ಎಂದು ಚೀಟಿಯಲ್ಲಿ ಬರೆಯುವುದು.

ರಕ್ತದ ಅಂಕಿ ಉತ್ತರ ಹೇಳದ ಕಾಯಿಲೆಗಳು

ಹುಟ್ಟಿದ ಕೆಲವೇ ದಿನಗಳಲ್ಲಿ ಯಾವ ಔಷಧಿಗೂ ಬಗ್ಗದ ಫಿಟ್ಸ್ ಬಂದರೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಅವಲಂಬಿತ ಅಪಸ್ಮಾರವನ್ನು ನೆನೆಯಬೇಕು. ಇದನ್ನು ಮೊದಲು ವರದಿ ಮಾಡಿದ್ದು 1954ರಲ್ಲಿ; ಕಾರಣವಾದ ಎಎಲ್‌ಡಿಎಚ್7ಎ1 ಜೀನ್ ಗೊತ್ತಾದದ್ದು 2006ರಲ್ಲಿ. ಈ ಮಕ್ಕಳಿಗೆ ಬಿ6 ಸಿಗುತ್ತಿಲ್ಲ ಎಂದಲ್ಲ. ಮೈಯಲ್ಲಿ ಶೇಖರವಾಗುವ ಒಂದು ರಾಸಾಯನಿಕ, ಬಿ6ರ ಕೆಲಸದ ರೂಪವನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಹಾಗಾಗಿ ರಕ್ತದ ಬಿ6 ಅಳೆದು ರೋಗ ತೀರ್ಮಾನಿಸಲಾಗದು. ನೋಡಬೇಕಾದ್ದು ಮೂತ್ರದಲ್ಲಿ ಆಲ್ಫಾ ಅಮಿನೋ ಅಡಿಪಿಕ್ ಸೆಮಿ ಆಲ್ಡಿಹೈಡ್, ರಕ್ತದಲ್ಲಿ ಪಿಪೆಕೋಲಿಕ್ ಆಸಿಡ್, ಕೊನೆಗೆ ಜೀನ್ ಪರೀಕ್ಷೆ. ಮೂತ್ರದ ಪರೀಕ್ಷೆಯ ದೊಡ್ಡ ಅನುಕೂಲವೆಂದರೆ ಚಿಕಿತ್ಸೆ ಶುರುವಾದ ಮೇಲೂ ಅದು ಏರಿಯೇ ಇರುತ್ತದೆ. ಆದ್ದರಿಂದ 100 ಮಿಲಿಗ್ರಾಂ ಪಿರಿಡಾಕ್ಸಿನ್ ರಕ್ತನಾಳಕ್ಕೆ ಕೊಟ್ಟು ನೋಡಲು ಹಿಂಜರಿಯಬೇಕಿಲ್ಲ. ಆದರೆ ಕೊಡುವುದು ಉಸಿರಾಟದ ವ್ಯವಸ್ಥೆ ಇರುವ ಐಸಿಯುನಲ್ಲಿ, ಮಾನಿಟರ್ ಹಾಕಿಕೊಂಡೇ ಆಗಬೇಕು. ಮೊದಲ ಡೋಸಿಗೇ ಉಸಿರು ನಿಂತ ಮಕ್ಕಳಿದ್ದಾರೆ.

ಬಿ6 ಅಂಕಿ ಉಪಯೋಗಕ್ಕೆ ಬರುವುದು ಬೇರೆ ಕಡೆ. ಟಿಬಿ ಮೆದುಳುಜ್ವರಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುವ ಮಗುವಿನಲ್ಲಿ ಬಿ6 ಕುಸಿಯಬಹುದು. ಲೆವೆಟಿರಾಸೆಟಂ ಎಂಬ ಫಿಟ್ಸ್ ಔಷಧಿಯಿಂದ ಸಿಡುಕು ಹೆಚ್ಚಾಯಿತೆಂದು ಬಿ6 ಮಾತ್ರೆಯನ್ನು ವರ್ಷಗಟ್ಟಲೆ ದೊಡ್ಡ ಡೋಸಿನಲ್ಲಿ ಮುಂದುವರಿಸಿದರೆ ವಿಪರೀತ ಏರಿ ಸ್ಪರ್ಶದ ನರಗಳನ್ನೇ ಕೆಡಿಸಬಹುದು. ಈ ಸ್ಯಾಂಪಲ್ಲಿಗೆ ಬೆಳಕು ತಾಗಬಾರದು: ನೇರಳೆ ಟ್ಯೂಬಿಗೆ ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ತಂಪಿನಲ್ಲಿ ಕಳಿಸಬೇಕು.

ಬಿ1, ಅಂದರೆ ಥಯಮಿನ್, ಹೆಚ್ಚಿನ ಪಾಲು ಕೆಂಪು ರಕ್ತಕಣಗಳ ಒಳಗಿರುತ್ತದೆ. ಸೀರಮ್ಮಿನಲ್ಲಿ ಅಳೆದರೆ ವ್ಯರ್ಥ. ಇಡೀ ರಕ್ತದಲ್ಲಿ ಥಯಮಿನ್ ಡೈಫಾಸ್ಫೇಟ್ ಅಳೆಯಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡ ಮಗುವಿನಲ್ಲಿ ಆ ಅಂಕಿ ದಾನಿಯದ್ದೂ ಆಗಿರುತ್ತದೆ. ಬಾಣಂತಿಗೆ ಬೇಳೆ, ಸೊಪ್ಪು, ತರಕಾರಿ ಬಿಡಿಸಿ ಪಾಲಿಶ್ ಅಕ್ಕಿಯ ಅನ್ನವನ್ನೇ ಉಣಿಸುವ ಮನೆಗಳಲ್ಲಿ ಎರಡು ಮೂರು ತಿಂಗಳ ಕೂಸು ಒಮ್ಮೆಲೇ ಹಾಲು ಬಿಟ್ಟು, ದನಿ ಒಡೆದು, ಏದುಸಿರು ಬಿಡುವುದನ್ನು ಕರ್ನಾಟಕದಲ್ಲೂ ಹೃದಯ ವೈದ್ಯರು ಕಂಡು ದಾಖಲಿಸಿದ್ದಾರೆ. 2003ರಲ್ಲಿ ಇಸ್ರೇಲಿನಲ್ಲಿ ಥಯಮಿನ್ ಸೇರದೆ ಹೋದ ಸೋಯಾ ಹಾಲಿನ ಪುಡಿ ಕುಡಿದ ಕೂಸುಗಳಲ್ಲಿ ಕೆಲವು ಸತ್ತವು, ಉಳಿದ ಕೆಲವಕ್ಕೆ ಮುಂದೆ ಅಪಸ್ಮಾರ ಅಂಟಿಕೊಂಡಿತು. ಇಲ್ಲಿ ರಿಪೋರ್ಟಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ರಕ್ತ ತೆಗೆದಿಟ್ಟು ಥಯಮಿನ್ ಕೊಡಬೇಕು, ರಕ್ತ ಸಿಗದಿದ್ದರೂ ಕೊಡಬೇಕು. ಎಸ್‌ಎಲ್‌ಸಿ19ಎ3 ಜೀನಿನ ದೋಷದಲ್ಲಂತೂ ರಕ್ತದ ಥಯಮಿನ್ ನಾರ್ಮಲ್ ಇರುತ್ತದೆ, ಒಳಗೆ ಸಾಗಿಸುವ ಬಾಗಿಲು ಮಾತ್ರ ಮುಚ್ಚಿರುತ್ತದೆ. ಎಂಆರ್‌ಐ ಚಿತ್ರ ನೋಡಿ ಬಯೋಟಿನ್ (ಇನ್ನೊಂದು ಬಿ ವಿಟಮಿನ್), ಥಯಮಿನ್ ಎರಡನ್ನೂ ಅಂದೇ ಆರಂಭಿಸುತ್ತಾರೆ.

ಫೋಲೇಟ್, ಅಂದರೆ ಬಿ9 ಕೂಡ ಇದೇ ಸಾಲಿಗೆ ಸೇರುತ್ತದೆ. ಸೀರಂ ಫೋಲೇಟ್ ಮೊನ್ನೆ ನಿನ್ನೆ ಏನು ತಿಂದಿತು ಎಂಬುದನ್ನು ಹೇಳುತ್ತದೆ, ರಕ್ತಕಣದ ಫೋಲೇಟ್ ಕಳೆದ ಮೂರ್ನಾಲ್ಕು ತಿಂಗಳನ್ನು. ರಕ್ತ ತೆಗೆಯುವಾಗ ಕಣಗಳು ಒಡೆದರೆ ಸೀರಂ ಅಂಕಿ ಸುಳ್ಳಾಗಿ ಏರುತ್ತದೆ. ಮೆದುಳಿನ ಫೋಲೇಟ್ ಕೊರತೆಯಲ್ಲಿ ಇವೆರಡೂ ಸರಿ ಇದ್ದು, ಬೆನ್ನುಹುರಿ ದ್ರವದಲ್ಲಿ ಮಾತ್ರ ಫೋಲೇಟಿನ ಕೆಲಸದ ರೂಪವಾದ 5-ಮೀಥೈಲ್ ಟೆಟ್ರಾಹೈಡ್ರೋಫೋಲೇಟ್ ತಗ್ಗಿರುತ್ತದೆ. ಆ ದ್ರವವನ್ನು ಲ್ಯಾಬ್ ಹೇಳಿದ ಕ್ರಮದ ಟ್ಯೂಬುಗಳಲ್ಲೇ ಹಿಡಿಯಬೇಕು, ಯಾಕೆಂದರೆ ಮೊದಲ ಹನಿಗೂ ಕೊನೆಯ ಹನಿಗೂ ಸಾಂದ್ರತೆ ಬೇರೆ. ರಕ್ತ ಬೆರೆತಿದ್ದರೆ ಕೂಡಲೇ ಕಣಗಳನ್ನು ಬೇರ್ಪಡಿಸಿ, ಆಮೇಲೆ ಮೈನಸ್ 70 ಡಿಗ್ರಿಯಲ್ಲಿ ಘನೀಕರಿಸಬೇಕು. ಚಿಕಿತ್ಸೆಗೆ ಕೊಡುವುದು ಫೋಲಿನಿಕ್ ಆಸಿಡ್. ಅಂಗಡಿಯ ಫೋಲಿಕ್ ಆಸಿಡ್ ಮಾತ್ರೆ ಇಲ್ಲಿ ಒಳಿತಿಗಿಂತ ಕೆಡುಕು ಮಾಡಬಹುದು. ಫೆನಿಟಾಯಿನ್ ತೆಗೆದುಕೊಳ್ಳುವ ಮಗುವಿಗೂ ಫೋಲಿಕ್ ಆಸಿಡ್ ಸೇರಿಸಿದ ಮೇಲೆ ಫೆನಿಟಾಯಿನ್ ಮಟ್ಟ ಇಳಿದು ಫಿಟ್ಸ್ ಮರುಕಳಿಸಬಹುದು. ಎರಡನ್ನೂ ಒಟ್ಟಿಗೆ ಗಮನಿಸಬೇಕು.

ಬಯೋಟಿನ್: ಬೇರೆ ರಿಪೋರ್ಟುಗಳನ್ನೂ ತಿರುಚುವ ವಿಟಮಿನ್

ಸೋದರಮಾವ, ಅತ್ತೆಮಗ ಸಂಬಂಧದ ಮದುವೆಗಳು ನಮ್ಮಲ್ಲಿ ಹೆಚ್ಚು, ಹಾಗಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದ ಬಯೋಟಿನಿಡೇಸ್ ಕೊರತೆಯಂಥ ಕಾಯಿಲೆಯನ್ನು ಮರೆಯುವಂತಿಲ್ಲ. ಫಿಟ್ಸ್, ಚರ್ಮದಲ್ಲಿ ಗಂಧೆ, ಕೂದಲುದುರುವಿಕೆ, ಕಿವಿ ಮಂದ ಒಟ್ಟಿಗಿದ್ದರೆ ಅಳೆಯಬೇಕಾದ್ದು ಬಯೋಟಿನ್ ಅಲ್ಲ, ಬಯೋಟಿನಿಡೇಸ್ ಎಂಬ ಎಂಜೈಮಿನ ಚಟುವಟಿಕೆಯನ್ನು. ಬಿಸಿಲಿನಲ್ಲಿ ಸಾಗಿಸಿದ ಸ್ಯಾಂಪಲ್ಲಿನಲ್ಲಿ ಎಂಜೈಮ್ ಕೆಟ್ಟು ಕೊರತೆ ಇಲ್ಲದಿದ್ದರೂ ಕೊರತೆ ಎಂದು ತೋರುತ್ತದೆ. ಆರೋಗ್ಯವಂತ ಒಬ್ಬರ ರಕ್ತವನ್ನು ಅದೇ ಡಬ್ಬಿಯಲ್ಲಿ ಜೊತೆಗೆ ಕಳಿಸಿದರೆ ತಪ್ಪು ಎಲ್ಲಿ ಆಯಿತೆಂದು ತಿಳಿಯುತ್ತದೆ.

ರೋಗ ಖಚಿತವಾದ ಮೇಲೆ ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್ ಜೀವನಪರ್ಯಂತ. ಇಲ್ಲಿಂದ ಹೊಸ ತೊಡಕು ಶುರು. ಹಾರ್ಮೋನ್, ವಿಟಮಿನ್ ಅಳೆಯುವ ಅನೇಕ ಯಂತ್ರಗಳು ಬಯೋಟಿನ್-ಸ್ಟ್ರೆಪ್ಟಾವಿಡಿನ್ ಬಂಧವನ್ನೇ ಬಳಸಿ ಕೆಲಸ ಮಾಡುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಡಿ, ಬಿ12, ಥೈರಾಕ್ಸಿನ್ ಅಂಕಿಗಳು ಸುಳ್ಳಾಗಿ ಏರುತ್ತವೆ, ಟಿಎಸ್‌ಎಚ್ ಸುಳ್ಳಾಗಿ ಇಳಿಯುತ್ತದೆ. ಮಗುವಿಗೆ ಇಲ್ಲದ ಥೈರಾಯ್ಡ್ ರೋಗ ಅಂಟಿಸಿ, ಇರುವ ಡಿ ಕೊರತೆಯನ್ನು ಮುಚ್ಚಿಹಾಕಿದಂತಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಸುಮ್ಮನೆ ಕೂದಲಿಗೆಂದು ಬಯೋಟಿನ್ ನುಂಗುವವರು ಪರೀಕ್ಷೆಗೆ ಮುನ್ನ ಕೆಲ ದಿನ ನಿಲ್ಲಿಸಬಹುದು. ಈ ಮಕ್ಕಳಿಗೆ ನಿಲ್ಲಿಸಬಾರದು. ಬಯೋಟಿನ್ ತೊಡಕಿಲ್ಲದ ಕಿಟ್ ಇದೆಯೇ, ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಮಾಡುತ್ತೀರಾ ಎಂದು ಲ್ಯಾಬನ್ನೇ ಕೇಳಬೇಕು.

ಉಳಿದವು

ಬಿಳಿ ಅನ್ನ-ಮೊಸರು, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟದ ಆಟಿಸಂ ಮಗು ಒಂದು ದಿನ ನಡೆಯಲು ನಿರಾಕರಿಸಿ, ಕಾಲು ಮುಟ್ಟಿದರೆ ಕಿರುಚಿದರೆ, ಒಸಡು ಊದಿದ್ದರೆ ಸಿ ವಿಟಮಿನ್ ಯೋಚಿಸಿ. ರಕ್ತದ ಕ್ಯಾನ್ಸರ್, ಸಂಧಿವಾತ ಎಂದು ಅಸ್ಥಿಮಜ್ಜೆ ಪರೀಕ್ಷೆವರೆಗೂ ಹೋದ ಮಕ್ಕಳಲ್ಲಿ ಕೊನೆಗೆ ಸಿಕ್ಕಿದ್ದು ಸಿ ಕೊರತೆಯ ಸ್ಕರ್ವಿ. ಪ್ಲಾಸ್ಮಾದಲ್ಲಿ ಡೆಸಿಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಹಿಂದಿನ ದಿನ ಆಸ್ಪತ್ರೆಯಲ್ಲಿ ಕಿತ್ತಳೆ ರಸ ಕುಡಿಸಿದ್ದರೆ ಅಂಕಿ ಸರಿಹೋಗಿರುತ್ತದೆ, ಐಸಿಲ್ಲದೆ ಬೆಳಕಿನಲ್ಲಿ ಇಟ್ಟಿದ್ದರೆ ತಾನಾಗಿಯೇ ಕುಸಿಯುತ್ತದೆ. ಎಕ್ಸ್‌ರೇ ಮತ್ತು ಔಷಧಿಗೆ ಮಗು ಕೆಲವೇ ದಿನಗಳಲ್ಲಿ ಸ್ಪಂದಿಸುವ ರೀತಿ ಇಲ್ಲಿ ಅಂಕಿಗಿಂತ ನಂಬಿಕಸ್ಥ.

ತೂರಾಡುತ್ತಾ ನಡೆಯುವ ಮಗುವಿನಲ್ಲಿ ಇ ವಿಟಮಿನ್ ನೋಡಲೇಬೇಕು. ಟಿಟಿಪಿಎ ಜೀನಿನ ದೋಷ ಚಿಕಿತ್ಸೆಗೆ ಬಗ್ಗುವ ಅಪರೂಪದ ಅಟಾಕ್ಸಿಯಾ (ನಡಿಗೆಯ ಹತೋಟಿ ತಪ್ಪುವ ಕಾಯಿಲೆ). ಇ ರಕ್ತದ ಕೊಬ್ಬಿನ ಜೊತೆ ಓಡಾಡುವುದರಿಂದ ಖಾಲಿ ಹೊಟ್ಟೆಯಲ್ಲಿ ಕೊಬ್ಬಿನಂಶವನ್ನೂ ಅಳೆದು ಭಾಗಿಸಬೇಕು. ದೊಡ್ಡ ಮಕ್ಕಳಲ್ಲಿ ಒಂದು ಗ್ರಾಂ ಕೊಬ್ಬಿಗೆ 0.8 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಪಿತ್ತ ಕಟ್ಟಿದ ಕಾಮಾಲೆಯಲ್ಲಿ ಕೊಬ್ಬು ಏರಿ ಇ ಅಂಕಿ ಸುಳ್ಳು ನೆಮ್ಮದಿ ಕೊಡುತ್ತದೆ. ಎ ವಿಟಮಿನ್ ಜ್ವರ, ಸೋಂಕಿನಲ್ಲಿ ತಾನೇ ಇಳಿಯುವುದರಿಂದ ಉರಿಯೂತ ತೋರಿಸುವ ಸಿಆರ್‌ಪಿ ಜೊತೆ ಓದಬೇಕು. ಕೆ ವಿಟಮಿನ್ನಿಗೆ ನೇರ ಅಳತೆ ಬೇಡ, ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಪ್ರೋಥ್ರಾಂಬಿನ್ ಟೈಮ್ ಸಾಕು.

ಮರುಪರೀಕ್ಷೆ ಮತ್ತು ಅತಿಯಾದ ಡೋಸ್

ಡಿ ಚಿಕಿತ್ಸೆ ಆರಂಭಿಸಿ ಮೂರು ತಿಂಗಳಿಗೆ ಮುನ್ನ ಮತ್ತೆ ಅಳೆದರೆ ದುಡ್ಡು ದಂಡ. ಬಿ12 ಇಂಜೆಕ್ಷನ್ ಪಡೆಯುವ ಮಗುವಿನ ಬಿ12 ಅಂಕಿ ನೋಡುವುದರಲ್ಲಿ ಅರ್ಥವಿಲ್ಲ. ವಾರದಲ್ಲಿ ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪು ರಕ್ತಕಣ), ಕೆಲ ವಾರಗಳಲ್ಲಿ ಹೋಮೋಸಿಸ್ಟೀನ್ ನೋಡಬೇಕು. ಫಿಟ್ಸ್ ತಡೆಯಲು ಕೀಟೋಜೆನಿಕ್ ಆಹಾರದ (ಕೊಬ್ಬು ಹೆಚ್ಚು, ಪಿಷ್ಟ-ಸಕ್ಕರೆ ತೀರಾ ಕಡಿಮೆ) ಮೇಲಿರುವ ಮಗುವಿಗೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಅವರಿಗೆ ಬರೆಯುವ ವಿಟಮಿನ್ ಸಿರಪ್ಪಿನಲ್ಲಿ ಸಕ್ಕರೆ ಇದ್ದರೆ ಆ ಆಹಾರದಿಂದ ಬರಬೇಕಾದ ಕೀಟೋಸಿಸ್ಸೇ (ಮೈ ಕೊಬ್ಬನ್ನು ಉರಿಸುವ ಸ್ಥಿತಿ) ಮುರಿಯುತ್ತದೆ, ಬಾಟಲಿಯ ಹಿಂಬದಿ ಓದಿಕೊಳ್ಳಿ.

ಕೊರತೆಯಷ್ಟೇ ಅತಿಯಾಗುವುದನ್ನೂ ಹುಡುಕಬೇಕಾದ್ದು ಡಿಯಲ್ಲಿ. ನಮ್ಮ ಅಂಗಡಿಗಳಲ್ಲಿ ಮಿಲಿಲೀಟರಿಗೆ 400 ಯೂನಿಟ್ಟಿನ ಹನಿಯೂ 800 ಯೂನಿಟ್ಟಿನದ್ದೂ ಒಂದೇ ತರಹದ ಸೀಸೆಯಲ್ಲಿ ಸಿಗುತ್ತವೆ. ವಾರಕ್ಕೊಂದು ಎಂದು ಬರೆದ 60,000 ಯೂನಿಟ್ಟಿನ ಪುಡಿಯನ್ನು ದಿನಕ್ಕೊಂದರಂತೆ ಕೊಟ್ಟವರಿದ್ದಾರೆ. ಡಿ 100 ನ್ಯಾನೋಗ್ರಾಂ ದಾಟಿ ಕ್ಯಾಲ್ಸಿಯಮ್ಮೂ ಏರಿದರೆ ಅದು ವಿಷ. ವಾಂತಿ, ಮಲಬದ್ಧತೆ, ತೂಕಡಿಕೆ, ಪದೇಪದೇ ಮೂತ್ರ: ಮಾತು ಬಾರದ ಮಗುವಿನಲ್ಲಿ ಇವನ್ನೆಲ್ಲ ಹಳೆಯ ಕಾಯಿಲೆಯ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಡಿ ರಿಪೋರ್ಟ್ ಬರಲು ಒಂದೆರಡು ದಿನ ಬೇಕು, ಕ್ಯಾಲ್ಸಿಯಂ ಅಂದೇ ಸಿಗುತ್ತದೆ. ಡಿ ತೆಗೆದುಕೊಳ್ಳುತ್ತಿರುವ ಮಗು ಹೀಗೆ ಮಂಕಾದರೆ ಡಿ ನಿಲ್ಲಿಸಿ, ಅಂದೇ ಕ್ಯಾಲ್ಸಿಯಂ ನೋಡಿಸಿ; ಆಸ್ಪತ್ರೆಗೆ ಹೋಗುವಾಗ ಖಾಲಿ ಸೀಸೆ, ಪೊಟ್ಟಣಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.